ಚನ್ನಕ್ಕನ ಕಥೆಯಲ್ಲಿ ಮೇಲಿನ ಕಲ್ಲು ಯಾರು

ಚನ್ನಕ್ಕನಿಗೆ ನಲವತ್ತನಾಲ್ಕು ವರ್ಷ. ಕಾರ್ಖಾನೆಯ ಪ್ರಕಾರ ಅವರು ಇನ್ನೂ ಹೊಸಬರು.

ನಮ್ಮ ಕಾರ್ಖಾನೆ ಬೊಮ್ಮಸಂದ್ರದ ಹತ್ತಿರ ಇದೆ. ಕಾರು, ಸ್ಕೂಟರುಗಳ ಒಳಗೆ ಓಡುವ ವೈರುಗಳನ್ನು ಬೋರ್ಡಿನ ಮೇಲೆ ಹಾಸಿ, ಜೋಡಿಸಿ, ಟೇಪು ಸುತ್ತಿ ಕಟ್ಟು ಮಾಡುವುದು ಇಲ್ಲಿನ ಕೆಲಸ. ಖಾಯಂ ಆದವರಿಗೆ ನೀಲಿ ಟೋಪಿ, ಹೊಸಬರಿಗೆ ಹಳದಿ ಟೋಪಿ. ಕಾಂಟ್ರಾಕ್ಟಿನವರನ್ನು ಹನ್ನೊಂದು ತಿಂಗಳಿಗೊಮ್ಮೆ ಬಿಡಿಸಿ, ಒಂದು ತಿಂಗಳು ಮನೆಯಲ್ಲಿ ಕೂರಿಸಿ, ಮತ್ತೆ ಸೇರಿಸಿಕೊಳ್ಳುತ್ತಾರೆ. ಸೇರಿದ ದಿನ ಮತ್ತೆ ಹಳದಿ ಟೋಪಿ. ಚನ್ನಕ್ಕ ಹೀಗೆ ಮೂರು ಸಲ ಹೊಸಬರಾಗಿದ್ದಾರೆ. ಮೂರು ಸಲವೂ ಮೊದಲ ದಿನ ತರಬೇತಿ ಕೋಣೆಯಲ್ಲಿ ಕೂತು, ವೈರನ್ನು ಹೇಗೆ ಹಿಡಿಯಬೇಕು ಎಂಬ ಒಂದೇ ವಿಡಿಯೊ ನೋಡಿದ್ದಾರೆ. ಮೂರನೆಯ ಸಲ ವಿಡಿಯೊ ಅರ್ಧಕ್ಕೆ ನಿಂತುಹೋಯಿತು. ಮುಂದಿನ ಭಾಗವನ್ನು ಚನ್ನಕ್ಕನೇ ಎದ್ದು ನಿಂತು ಹೇಳಿ ಮುಗಿಸಿದರು.

ಅವರ ಕೈಯಲ್ಲಿ ಕೆಲಸ ಕಲಿತ ಹುಡುಗಿಯರು ಈಗ ನೀಲಿ ಟೋಪಿ ಹಾಕಿಕೊಂಡಿದ್ದಾರೆ. ಸಂಶಯ ಬಂದಾಗ ಆ ನೀಲಿ ಟೋಪಿಗಳು ಬಂದು ಈ ಹಳದಿ ಟೋಪಿಯ ಮುಂದೆ ಬಗ್ಗುತ್ತವೆ.

"ನನಗ ದೊಡ್ಡ ಆಸೆ ಏನಿಲ್ಲವಾ," ಎಂದು ಚನ್ನಕ್ಕ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. "ಸಾಯೂದ್ರೊಳಗ ಒಮ್ಮೆ ಹಳಬಳಾಗಬೇಕು."

ಚನ್ನಕ್ಕನ ಊರು ಕುಷ್ಟಗಿಯ ಕಡೆ. ಇಲ್ಲಿ ಅತ್ತಿಬೆಲೆಯಲ್ಲಿ ಗಂಡ ಅಮರಪ್ಪನ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಅಮರಪ್ಪ ಗಾರೆ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಅತ್ತಿಬೆಲೆಯಿಂದ ಕಂಪನಿ ಬಸ್ಸು ಹೊರಡುತ್ತದೆ. ದೂರ ಹೆಚ್ಚಿಲ್ಲ, ಆದರೆ ನಡುವೆ ಚಂದಾಪುರ ಇದೆ. ಚಂದಾಪುರದ ಸಿಗ್ನಲ್ಲಿನಲ್ಲಿ ಒಂದು ಕಥೆ ಹುಟ್ಟಿ, ಬೆಳೆದು, ಮದುವೆಯಾಗಿ ಮಕ್ಕಳನ್ನು ಪಡೆಯುವಷ್ಟು ಸಮಯ ಇರುತ್ತದೆ. ಚನ್ನಕ್ಕ ಬಸ್ಸಿನಲ್ಲಿ ಕಥೆ ಹೇಳಲು ಶುರು ಮಾಡಿದ್ದು ಆ ಕಾರಣಕ್ಕೇ.

ಅವರ ಕಥೆಗೆ ಒಂದು ನಿಯಮವಿದೆ. ಒಂದೊಂದು ಮಾತಿಗೂ ಕೇಳುವವರಲ್ಲಿ ಒಬ್ಬರಾದರೂ "ಹೂಂ" ಎನ್ನಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲುತ್ತದೆ. ಅವರ ಊರಿನಲ್ಲಿ ಹಾಗೆಯೇ ರೂಢಿಯಂತೆ. ಮೊದಲ ದಿನ ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಬಸ್ಸು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿತ್ತು. ಕಥೆಯ ಹುಡುಗಿ ಬಾವಿಯ ಕಟ್ಟೆಯ ಮೇಲೆ ಒಂದು ಕಾಲು ಇಟ್ಟಳು, ಇನ್ನೊಂದು ಕಾಲು ಎತ್ತಿದಳು, ಯಾರೂ ಹೂಂ ಅನ್ನಲಿಲ್ಲ. ಚನ್ನಕ್ಕ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದರು.

ಮೂರನೆಯ ದಿನ ಡ್ರೈವರ್ ಮುರಳಿಯಣ್ಣನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಹುಡುಗಿ ಎರಡು ದಿನದಿಂದ ಒಂಟಿ ಕಾಲಲ್ಲಿ ನಿಂತವ್ಳೆ. ಹೂಂ ನಾನಂತೀನಿ, ಮೊದ್ಲು ಅವ್ಳನ್ನ ಕೆಳಗಿಳಿಸಿ," ಎಂದರು.

ಅಂದಿನಿಂದ ಹೂಂ ಅನ್ನುವ ಕೆಲಸ ಮುರಳಿಯಣ್ಣನದು. ಗೇರ್ ಬದಲಿಸುವಾಗ ಸ್ವಲ್ಪ ತಡವಾಗುತ್ತಿತ್ತು, ಆದರೆ ತಪ್ಪುತ್ತಿರಲಿಲ್ಲ.

ಬೀಸುವ ಕಲ್ಲಿನ ಕಥೆ ಶುರುವಾದದ್ದು ಫೆಬ್ರವರಿಯಲ್ಲಿ. ಒಂದು ಊರಿನಲ್ಲಿ ಒಂದು ಬೀಸುವ ಕಲ್ಲು. ಮೇಲಿನ ಕಲ್ಲು ಇಡೀ ದಿನ ಗುಡುಗುಡು ಎಂದು ತಿರುಗುತ್ತದೆ. ಕೆಳಗಿನ ಕಲ್ಲು ಅಲುಗಾಡದೆ ಕೂತಿರುತ್ತದೆ. ಜೋಳದ ಕಾಳುಗಳು ಸಾಲಾಗಿ ನಿಂತು, "ನೂಕಬ್ಯಾಡ್ರಿ, ಒಬ್ಬೊಬ್ಬರ ಬರ್ರಿ," ಎನ್ನುತ್ತಾ ಕಲ್ಲಿನ ಬಾಯಿಗೆ ಇಳಿಯುತ್ತವೆ. "ನಾ ತಿರುಗ್ತೀನಂತ ಹಿಟ್ಟು ಬರ್ತೈತಿ," ಎಂದು ಮೇಲಿನ ಕಲ್ಲು ದಿನಕ್ಕೆ ನೂರು ಸಲ ಹೇಳುತ್ತದೆ. ಕೆಳಗಿನ ಕಲ್ಲು ಏನೂ ಅನ್ನುವುದಿಲ್ಲ.

ಇಷ್ಟಕ್ಕೇ ಭುವನೇಶ್ವರಿ ಎದ್ದು ನಿಂತಳು. ಅವಳು ಸಿಂಧನೂರಿನವಳು, ಲೈನಿನಲ್ಲಿ ಚನ್ನಕ್ಕನ ಪಕ್ಕದ ಬೋರ್ಡು ಅವಳದು. ಏನನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರಳು.

"ಚನ್ನಕ್ಕಾ, ಮ್ಯಾಲಿನ ಕಲ್ಲು ಅಂದ್ರ ನಮ್ಮ ಮಂಜುಶ್ರೀ ಮೇಡಂ. ಹೌದಿಲ್ಲೋ?"

ಮಂಜುಶ್ರೀ ಮೇಡಂ ನಮ್ಮ ಲೈನ್ ಲೀಡರ್. ಆನೇಕಲ್ಲಿನಲ್ಲಿ ಡಿಪ್ಲೊಮಾ ಓದಿದವರು, ಚನ್ನಕ್ಕನಿಗಿಂತ ಹದಿನೇಳು ವರ್ಷ ಚಿಕ್ಕವರು. ಪಾಳಿಯ ಎಂಟು ಗಂಟೆಯೂ ಲೈನಿನ ಸುತ್ತ ತಿರುಗುತ್ತಾ, "ಬೇಗ ಬೇಗ, ಟೇಪ್ ನೀಟಾಗಿ, ಬೇಗ ಬೇಗ," ಎನ್ನುತ್ತಿರುತ್ತಾರೆ. ಬಸ್ಸೆಲ್ಲ ಒಂದು ಕ್ಷಣ ಯೋಚಿಸಿತು. ಆಮೇಲೆ ನಗು ಹಿಂದಿನ ಸೀಟಿನ ತನಕ ಹೋಗಿ ತಿರುಗಿ ಬಂತು.

"ಕಲ್ಲು ಅಂದ್ರ ಕಲ್ಲವಾ," ಎಂದರು ಚನ್ನಕ್ಕ.

ಯಾರೂ ಕೇಳಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗ, ಪದ್ಯದಲ್ಲಿ ದೀಪ ಬಂದರೆ ಜ್ಞಾನ, ಕತ್ತಲೆ ಬಂದರೆ ಅಜ್ಞಾನ ಎಂದು ಬರೆಸುತ್ತಿದ್ದರು. ಕಲ್ಲು ಬಂದರೆ ಏನೆಂದು ಬರೆಸಿರಲಿಲ್ಲ. ಹಾಗಾಗಿ ನಾನೂ ಭುವನೇಶ್ವರಿ ಹೇಳಿದ್ದನ್ನೇ ನಂಬಿದೆ.

ಒಮ್ಮೆ ಹಾಗೆ ಅಂದುಕೊಂಡ ಮೇಲೆ ಕಥೆಯಲ್ಲಿರುವುದೆಲ್ಲ ತಾನಾಗಿಯೇ ಜಾಗ ಹುಡುಕಿಕೊಂಡಿತು. ಸಾಲುಗಟ್ಟಿದ ಕಾಳುಗಳು ಗೇಟಿನಲ್ಲಿ ಕಾರ್ಡು ಒತ್ತಲು ನಿಂತ ನಾವು. ಹಿಟ್ಟು ಗುಡಿಸುವ ಪೊರಕೆ ಎಚ್‌ಆರ್‌ನವರು. ಆಮೇಲಾಮೇಲೆ ಚನ್ನಕ್ಕನಿಗೆ ಕಥೆಯೊಳಗೆ ಏನನ್ನೂ ತರಲು ಆಗದಂತಾಯಿತು. ಒಂದು ಬೆಕ್ಕು ಬಂತು ಎಂದರೆ ಸಾಕು, ಬೆಕ್ಕು ಸೆಕ್ಯುರಿಟಿಯವರೋ ಸ್ಟೋರಿನವರೋ ಎಂದು ಎರಡು ಗುಂಪಾಗಿ ವಾದ ಆಗುತ್ತಿತ್ತು. ಬೇಸತ್ತು ಅವರು ಒಂದು ಕುಂಬಳಕಾಯಿ ತಂದರು. ಅದು ಕ್ಯಾಂಟೀನಿನವರು ಎಂದು ಎಲ್ಲರೂ ಒಪ್ಪಿಕೊಂಡರು.

"ನಿಮ್ಮ ಸಲುವಾಗಿ ಕಥಿಯೊಳಗ ಒಂದು ಸಾಮಾನು ಇಡಾಕ ಆಗವಲ್ದು," ಎಂದು ಚನ್ನಕ್ಕ ಬೈದರು. "ಕಲ್ಲಿಗೆ ಹೆಸರಿಟ್ರ ಅದು ಒಬ್ಬರ ಮನಿ ಕಲ್ಲಾಗ್ತೈತಿ. ಹೆಸರಿಡದ ಬಿಟ್ರ ಯಾರು ಬೇಕಾದವರು ಬೀಸಿಕೊಳ್ಳಬಹುದು. ತಿಳೀತಿಲ್ಲೋ?"

"ತಿಳೀತು," ಎಂದಳು ಭುವನೇಶ್ವರಿ. "ಮ್ಯಾಲಿನ ಕಲ್ಲು ಯಾವಾಗ ಬೀಳ್ತೈತಿ?"

ಕಲ್ಲು ಬೀಳಲೇಬೇಕು ಎಂದು ಬಸ್ಸಿನವರು ಹಟ ಹಿಡಿದರು. ಹೇಳುವವರ ಕೈಯಲ್ಲಿ ಕಥೆ ಪೂರ್ತಿ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಕೊನೆಗೆ ಕೆಳಗಿನ ಕಲ್ಲೂ ಕಾಳುಗಳೂ ಸೇರಿ, ಎರಡು ಕಲ್ಲುಗಳ ನಡುವೆ ಇರುವ ಕೀಲನ್ನು ಕಿತ್ತುಹಾಕಲು ಸಂಚು ಮಾಡಿದವು.

ಈ ನಡುವೆ ಕಥೆ ಬಸ್ಸಿನಿಂದ ಇಳಿದು ಲೈನಿಗೂ ಬಂದಿತ್ತು. ಬಸ್ಸಿನಲ್ಲಿ ಕಥೆಯೊಳಗೆ ಮೇಲಿನ ಕಲ್ಲು ಬಂದಾಗೆಲ್ಲ ಹುಡುಗಿಯರು ಸೀಟಿನ ಕಂಬಿಯ ಮೇಲೆ ಎರಡು ಸಲ ಟಕ್ ಟಕ್ ಎಂದು ತಟ್ಟುತ್ತಿದ್ದರು. ಲೈನಿನಲ್ಲಿ ಮಂಜುಶ್ರೀ ಮೇಡಂ ಬರುವುದು ಕಂಡರೆ ಬೋರ್ಡಿನ ಮೇಲೆ ಟಕ್ ಟಕ್. ಎಂದರೆ ಕಲ್ಲು ಬರುತ್ತಿದೆ, ಮಾತು ನಿಲ್ಲಿಸಿ.

ಮೇಡಂಗೆ ಇದು ಕೇಳಿಸಿತು. ಅವರು ಅರ್ಥ ಮಾಡಿಕೊಂಡದ್ದು ಬೇರೆ. ವೈರನ್ನು ಕನೆಕ್ಟರಿಗೆ ಒತ್ತಿದ ಮೇಲೆ ಸರಿಯಾಗಿ ಕೂತಿದೆಯೇ ಎಂದು ಹುಡುಗಿಯರು ತಾವಾಗಿಯೇ ತಟ್ಟಿ ನೋಡುತ್ತಿದ್ದಾರೆ ಎಂದುಕೊಂಡರು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಬರೆದು ಎರಡನೇ ಮಹಡಿಯ ಆಫೀಸಿಗೆ ಕಳಿಸಿದರು. ವಾರದೊಳಗೆ ಗೋಡೆಯ ಮೇಲೆ ಬಣ್ಣದ ಚೀಟಿ ಬಂತು: "ಉತ್ತಮ ಅಭ್ಯಾಸ. ಕನೆಕ್ಟರ್ ಜೋಡಿಸಿದ ನಂತರ ಎರಡು ಬಾರಿ ತಟ್ಟಿ." ಕೆಳಗೆ ಮಂಜುಶ್ರೀ ಮೇಡಂ ಫೋಟೊ.

ಭುವನೇಶ್ವರಿ ಆ ಚೀಟಿಯ ಮುಂದೆ ನಿಂತು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದಳು.

ಚನ್ನಕ್ಕ ಮಾತ್ರ ನಗಲಿಲ್ಲ. ಆ ವಾರವೇ ಇನ್ನೊಂದು ಸುದ್ದಿ ಬಂದಿತ್ತು. ನಮ್ಮ ಲೈನಿನಲ್ಲಿ ಒಬ್ಬರನ್ನು ಖಾಯಂ ಮಾಡುತ್ತಾರೆ, ಚನ್ನಕ್ಕನ ಹೆಸರು ಇದೆ, ಶನಿವಾರ ಲೈನ್ ಲೀಡರ್ ಫಾರಂ ತುಂಬಬೇಕು. ಫಾರಂನಲ್ಲಿ ಕೆಲಸದ ಬಗ್ಗೆ ನಾಲ್ಕು ಸಾಲು, ನಡವಳಿಕೆಯ ಬಗ್ಗೆ ಒಂದು ಸಾಲು. ಆ ಒಂದು ಸಾಲು ಕೆಟ್ಟರೆ ಜುಲೈಯಲ್ಲಿ ಮತ್ತೆ ಮನೆ, ಆಗಸ್ಟಿನಲ್ಲಿ ಮತ್ತೆ ಹಳದಿ ಟೋಪಿ, ಮತ್ತೆ ಅದೇ ವಿಡಿಯೊ.

"ಇನ್ನ ಕಲ್ಲಿನ ಕಥಿ ಬಂದ್," ಎಂದರು ಚನ್ನಕ್ಕ ಬುಧವಾರ ಬಸ್ಸಿಳಿಯುವಾಗ.

"ಕೀಲ ಕಿತ್ತೀರಿ, ಕಲ್ಲು ಅರ್ಧ ಜಾರೈತಿ. ಹಂಗ ಬಿಟ್ಟು ಹ್ಯಾಂಗ ಹೋಗ್ತೀರಿ?" ಎಂದಳು ಭುವನೇಶ್ವರಿ.

"ಜಾರಿದ್ರ ಜಾರಲಿ. ನನ್ನ ಟೋಪಿ ಜಾರಬಾರದು."

ಗುರುವಾರ ಬೆಳಿಗ್ಗೆ ಅತ್ತಿಬೆಲೆಯಲ್ಲಿ ಬಸ್ಸಿನ ಬಾಗಿಲಲ್ಲಿ ಮಂಜುಶ್ರೀ ಮೇಡಂ ನಿಂತಿದ್ದರು. ಅವರ ಮನೆಯೂ ಅತ್ತಿಬೆಲೆಯೇ, ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು. ಸ್ಕೂಟರು ಗ್ಯಾರೇಜಿಗೆ ಹೋಗಿತ್ತು. ಭುವನೇಶ್ವರಿ ತನ್ನ ಸೀಟಿನಿಂದ ಚಿಮ್ಮಿ ಎದ್ದು, "ಬರ್ರಿ ಮೇಡಂ, ಕುಂದರ್ರಿ," ಎಂದು ಜಾಗ ಬಿಟ್ಟು ಹಿಂದೆ ಓಡಿದಳು. ಅದು ಚನ್ನಕ್ಕನ ಪಕ್ಕದ ಸೀಟು. ಆಮೇಲೆ ಅವಳು ಹಣೆ ಚಚ್ಚಿಕೊಂಡದ್ದನ್ನು ನಾನು ನೋಡಿದೆ.

ಬಸ್ಸು ಹೊರಟಿತು. ಇಯರ್‌ಫೋನ್ ಇದ್ದವರು ಕಿವಿಗೆ ಹಾಕಿಕೊಂಡರು, ಇಲ್ಲದವರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು.

"ಏನಕ್ಕಾ, ಇವತ್ತು ಕಥೆ ಇಲ್ವಾ?" ಎಂದರು ಮುರಳಿಯಣ್ಣ. ಅವರಿಗೆ ಹಾರನ್ನಿನ, ಎಂಜಿನ್ನಿನ ಸದ್ದಿನಲ್ಲಿ ಕಥೆ ಮಾತ್ರ ಕೇಳಿಸುತ್ತಿತ್ತು. ಹಿಂದೆ ನಡೆಯುವ ಯಾರು ಬೆಕ್ಕು, ಯಾರು ಪೊರಕೆ ಎಂಬ ಚರ್ಚೆ ಅವರ ತನಕ ಹೋಗಿರಲೇ ಇಲ್ಲ.

"ಗಂಟಲ ಕೆಟ್ಟೈತಪಾ."

"ಅಯ್ಯೋ, ಕಲ್ಲು ಅರ್ಧ ಜಾರಿತ್ತಲ್ಲ ಅಕ್ಕಾ. ನಂಗೆ ಊಟಾನೇ ಸೇರಿಲ್ಲ."

"ಏನ್ ಕಥೆ ಅದು?" ಎಂದರು ಮಂಜುಶ್ರೀ ಮೇಡಂ. "ಹೇಳಿ ಚನ್ನಕ್ಕ. ಹೆಂಗೂ ಚಂದಾಪುರ ದಾಟೋಕೆ ಅರ್ಧ ಗಂಟೆ ಬೇಕು."

ಚನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಒಂದೂರಾಗ ಒಂದು ಕುಂಬಳಕಾಯಿ ಇತ್ರಿ," ಎಂದು ಶುರು ಮಾಡಿದರು.

ಹೂಂ ಬರಲಿಲ್ಲ.

"ಕುಂಬಳಕಾಯಿ ಅಲ್ಲಕ್ಕಾ, ಕಲ್ಲು," ಎಂದರು ಮುರಳಿಯಣ್ಣ.

"ಆ ಕುಂಬಳಕಾಯಿ ಉರುಳಿಕೊಂತ ಉರುಳಿಕೊಂತ..."

"ಕುಂಬಳಕಾಯಿಗೆ ನಾನು ಹೂಂ ಅನ್ನಲ್ಲ." ಅಷ್ಟು ಹೇಳಿ ಮುರಳಿಯಣ್ಣ ಕನ್ನಡಿಯಲ್ಲಿ ಮೇಡಂ ಮುಖ ನೋಡಿದರು. "ನಾನೇ ಹೇಳ್ತೀನಿ ಕೇಳಿ ಮೇಡಂ. ಒಂದು ಬೀಸೋ ಕಲ್ಲು. ಮೇಲಿನ ಕಲ್ಲು ಇಡೀ ದಿನ ಗುರ್ ಅಂತ ಸುತ್ತತ್ತೆ. ಕೆಲ್ಸ ಎಲ್ಲಾ ನಂದೇ ಅಂತದೆ. ಕೆಳಗಿನ ಕಲ್ಲು, ಕಾಳು ಎಲ್ಲಾ ಸೇರ್ಕೊಂಡು ಕೀಲು ಕಿತ್ತಾಕ್ಬಿಟ್ಟಿದಾವೆ. ಸಕ್ಕತ್ತಾಗದೆ. ಆ ಮೇಲಿನ ಕಲ್ಲು ಬಂದಾಗೆಲ್ಲ ಇವ್ರೆಲ್ಲ ಕಂಬಿ ಮೇಲೆ ಟಕ್ ಟಕ್ ಅಂತ ತಟ್ತಾರೆ, ಅದಿನ್ನೂ ಸಕ್ಕತ್ತು."

ಚಂದಾಪುರದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಮುಂದೆ ಲಾರಿ, ಹಿಂದೆ ಲಾರಿ. ಇಳಿದು ಹೋಗುವಂತೆಯೂ ಇರಲಿಲ್ಲ.

"ಟಕ್ ಟಕ್," ಎಂದರು ಮಂಜುಶ್ರೀ ಮೇಡಂ. "ಎರಡು ಸಲಾನಾ?"

"ಎರಡೇ ಸಲ ಮೇಡಂ," ಎಂದರು ಮುರಳಿಯಣ್ಣ ಹೆಮ್ಮೆಯಿಂದ.

ಮೇಡಂ ತಿರುಗಿ ಇಡೀ ಬಸ್ಸನ್ನು ಒಮ್ಮೆ ನೋಡಿದರು. ಭುವನೇಶ್ವರಿ ತನ್ನ ಚಪ್ಪಲಿಯ ಉಂಗುಷ್ಠವನ್ನು ಮೊದಲ ಸಲ ಕಂಡವಳಂತೆ ಪರೀಕ್ಷಿಸುತ್ತಿದ್ದಳು. ಚೀಟಿ, ಅದರ ಕೆಳಗಿನ ಫೋಟೊ, ಎರಡನೇ ಮಹಡಿಯವರ ಮೆಚ್ಚುಗೆ ಎಲ್ಲ ಮೇಡಂ ಮುಖದಲ್ಲಿ ಒಂದೊಂದಾಗಿ ಬಂದು ಹೋದವು. ಅವರು ಮತ್ತೆ ಚನ್ನಕ್ಕನ ಕಡೆ ತಿರುಗಿದರು.

"ಆಮೇಲೆ? ಕಲ್ಲು ಬಿತ್ತಾ?"

"ಬಿತ್ರಿ," ಎಂದರು ಚನ್ನಕ್ಕ ಸಣ್ಣ ದನಿಯಲ್ಲಿ.

"ಹೂಂ," ಎಂದರು ಮಂಜುಶ್ರೀ ಮೇಡಂ.

ಒಮ್ಮೆ ಹೂಂ ಬಂದ ಮೇಲೆ ಚನ್ನಕ್ಕನಿಗೆ ನಿಲ್ಲಿಸಲು ಬರುವುದಿಲ್ಲ. ಅವರು ಸೆರಗು ಬಿಟ್ಟು ನೆಟ್ಟಗೆ ಕೂತರು.

"ಕಲ್ಲು ಅಂಗಾತ ಬಿತ್ತು. ಕಾಳೆಲ್ಲ ಕುಣದಾಡಿದವು."

"ಹೂಂ."

"ಕುಣದು ಸಾಕಾಗಿ ನೋಡ್ತಾವು, ಮನಿಯೊಳಗ ಸಪ್ಪಳಿಲ್ಲ. ಹಿಟ್ಟಿಲ್ಲ. ಹೆಂಚು ಕಾದು ಕಾದು ಕರ್ರಗಾಗೈತಿ."

"ಹೂಂ."

"ಕೆಳಗಿನ ಕಲ್ಲು ಹಗೂರಕ ನೋಡಿತ್ರಿ. ಮ್ಯಾಲಿನ ಕಲ್ಲಿನ ಹೊಟ್ಟಿ ಅದು ಎಂದೂ ನೋಡಿದ್ದಿಲ್ಲ. ಹೊಟ್ಟಿಗೆ ಹೊಟ್ಟಿ ಹಚ್ಚಿ ಇದ್ದವು, ಹ್ಯಾಂಗ ನೋಡಬೇಕು? ನೋಡಿದ್ರ, ತನಗ ಉಳಿಯಿಂದ ಎಲ್ಲೆಲ್ಲಿ ಕಟದಾರೋ ಅದಕ್ಕೂ ಅಲ್ಲಲ್ಲೇ ಕಟದಾರ. ತಾನು ಎಲ್ಲಿ ಸವದೈತೋ ಅದೂ ಅಲ್ಲೇ ಸವದೈತಿ."

ಮೇಡಂ ಹೂಂ ಅನ್ನುವುದು ಸ್ವಲ್ಪ ತಡವಾಯಿತು. ಚನ್ನಕ್ಕ ಕಾದರು. ಕೊನೆಗೆ ಬಂತು.

"ಆಮ್ಯಾಲ ಕೈ ಬಂತು, ಕಲ್ಲು ಎತ್ತಿ ಇಟ್ಟಿತು. ಮತ್ತ ಗುಡುಗುಡು. ಮುಗೀತ್ರಿ."

"ಆ ತಿರುಗಿಸೋ ಕೈ ಯಾರ್ದು?"

"ಅದು ಕಾಣಂಗಿಲ್ರಿ. ಮ್ಯಾಲಿಂದ ಬರ್ತೈತಿ ಅಷ್ಟ."

"ಎರಡನೇ ಮಹಡಿಯಿಂದ," ಎಂದಳು ಭುವನೇಶ್ವರಿ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವಳು ಎಂದು ಮೊದಲೇ ಬರೆದಿದ್ದೇನೆ. ಮೇಡಂ ನಗು ತಡೆಯಲು ಕಿಟಕಿಯ ಕಡೆ ಮುಖ ಮಾಡಿದರು. ಮತ್ತೆ ತಿರುಗಿದಾಗ ನಗು ಇರಲಿಲ್ಲ.

"ಮೇಲಿನ ಕಲ್ಲು ನಾನು ಅಲ್ವಾ, ಚನ್ನಕ್ಕ?"

"ಅಲ್ರಿ ಮೇಡಂ. ನಾನು."

ಬಸ್ಸಿನಲ್ಲಿ ಇದ್ದವರಿಗೆಲ್ಲ ಭಯಕ್ಕಿಂತ ನಿರಾಸೆಯೇ ಹೆಚ್ಚಾಯಿತು ಎಂದು ನನಗೆ ಅನ್ನಿಸಿತು.

"ನಮ್ಮನಿಯೊಳಗ ಮುಂಜಾನಿಂದ ಗುಡುಗುಡು ಅನ್ನಾಕಿ ನಾನ," ಎಂದರು ಚನ್ನಕ್ಕ. "ನಲ್ಲಿಗೊಂದು ಮಾತು, ಗ್ಯಾಸಿಗೊಂದು ಮಾತು, ಮಾಲಕರ ನಾಯಿಗೊಂದು ಮಾತು. ಕೆಳಗಿನ ಕಲ್ಲು ನಮ್ಮ ಅಮರಪ್ಪ. ಇಪ್ಪತ್ತೈದು ವರ್ಷದಾಗ ಹೂಂ ಬಿಟ್ಟು ಎರಡನೇ ಮಾತು ಆಡಿದ್ದು ನನಗ ನೆನಪಿಲ್ಲ. ಆ ಹೂಂ ಸಿಗ್ತೈತಂತ ನಾ ಕಥಿ ಕಟ್ಟಾಕ ಕಲತೆ."

"ಈಗ ತಪ್ಪಿಸ್ಕೊಳ್ಳೋಕೆ ಹೇಳ್ತಿದೀರಾ."

"ಸುಳ್ಳು ಕಥಿಯೊಳಗ ಹೇಳ್ತೀನ್ರಿ. ಹೊರಗ ಹೇಳಂಗಿಲ್ಲ."

ಸಿಗ್ನಲ್ ಬಿಟ್ಟಿತು. ಮೇಡಂ ಫೋನು ತೆಗೆದು ನೋಡತೊಡಗಿದರು. ಚನ್ನಕ್ಕನ ಮುಖ ನೋಡಿದರೆ ಟೋಪಿ ಜಾರಿಹೋಯಿತು ಎಂದೇ ಅವರು ಅಂದುಕೊಂಡಂತಿತ್ತು.

ಆ ದಿನ ಲೈನಿನಲ್ಲಿ ಒಬ್ಬರೂ ತಟ್ಟಲಿಲ್ಲ. ಒಂಬತ್ತು ಗಂಟೆಗೆ ಮೇಡಂ ಲೈನಿನ ನಡುವೆ ಬಂದು ನಿಂತರು. "ಯಾಕ್ರೀ ಯಾರೂ ತಟ್ತಿಲ್ಲ? ಗೋಡೆ ಮೇಲೆ ಏನ್ ಬರೆದಿದೆ ಓದಿ. ಕನೆಕ್ಟರಿಗೆ ಎರಡು ಸಲ. ನಾನಿಲ್ಲೇ ನಿಂತು ಕೇಳಿಸ್ಕೋತೀನಿ." ನಮ್ಮ ಒಬ್ಬೊಬ್ಬರ ಬೋರ್ಡಿನಲ್ಲಿ ಒಂದು ಪಾಳಿಗೆ ನಾನೂರು ಕನೆಕ್ಟರುಗಳು ಹೋಗುತ್ತವೆ. ಸಂಜೆ ಭುವನೇಶ್ವರಿ ತನ್ನ ತೋರುಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು ಬಸ್ಸು ಹತ್ತಿದಳು.

ಶುಕ್ರವಾರವೂ ಸ್ಕೂಟರು ಗ್ಯಾರೇಜಿನಲ್ಲೇ ಇತ್ತು. ಬಸ್ಸು ಇನ್ನೇನು ಹೊರಡಬೇಕು, ಆಗ ಒಬ್ಬ ಎತ್ತರದ ಮನುಷ್ಯ ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದು ನಡೆದು ಬಂದರು. ಓಡಲಿಲ್ಲ, ಕೂಗಲಿಲ್ಲ. ಬಾಗಿಲ ಹತ್ತಿರ ಬಂದು ಡಬ್ಬಿಯನ್ನು ಎತ್ತಿ ಹಿಡಿದು ನಿಂತರು. ಚನ್ನಕ್ಕ ಚಿಂತೆಯಲ್ಲಿ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಬಾಗಿಲ ಪಕ್ಕದಲ್ಲಿ ಕೂತಿದ್ದವರು ಮಂಜುಶ್ರೀ ಮೇಡಂ. "ನೀವು ಅಮರಪ್ಪನವ್ರಾ?"

"ಹೂಂ."

ಹಿಂದಿನ ಸೀಟುಗಳಲ್ಲಿ ಗುಸುಗುಸು ಶುರುವಾಯಿತು. ಮೇಡಂ ಕೈ ಎತ್ತಿ ನಿಲ್ಲಿಸಿದರು.

"ಚನ್ನಕ್ಕ ಮನೇಲಿ ತುಂಬಾ ಮಾತಾಡ್ತಾರಾ?"

ಅಮರಪ್ಪ ಹೆಂಡತಿಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಸುಳ್ಳು ಹೇಳುವ ದಾರಿ ಅವರಿಗೆ ಸಿಗಲಿಲ್ಲ. "ಹೂಂ."

"ನಿಮಗೆ ಬೇಜಾರಾಗಲ್ವಾ?"

ಇದಕ್ಕೆ ಹೂಂ ಎಂದರೆ ಆಗುವಂತಿರಲಿಲ್ಲ. ಅಮರಪ್ಪ ಬಹಳ ಹೊತ್ತು ಯೋಚಿಸಿದರು. ಮುರಳಿಯಣ್ಣ ಎಂಜಿನ್ ಆರಿಸಿಬಿಟ್ಟರು. ಚನ್ನಕ್ಕ ಎರಡು ಕೈಯಲ್ಲೂ ಮುಂದಿನ ಕಂಬಿಯನ್ನು ಹಿಡಿದುಕೊಂಡಿದ್ದರು.

"ತಿರುಗಲಿ ಬಿಡ್ರಿ," ಎಂದರು ಅಮರಪ್ಪ. "ಸುಮ್ಮಕಾದ್ರ ಹಿಟ್ಟು ಎಲ್ಲಿಂದ ಬರಬೇಕು?"

ಡಬ್ಬಿ ಕೊಟ್ಟು, ಬಂದ ಹಾಗೆಯೇ ನಡೆದು ಹೋದರು.

ಚನ್ನಕ್ಕ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಇವಗ ಗೊತ್ತೈತಿ," ಎಂದು ತಮಗೇ ಹೇಳಿಕೊಂಡರು. "ಕೆಳಗಿನ ಕಲ್ಲು ತಾನ ಅಂತ ಇವಗ ಗೊತ್ತೈತಿ. ಒಂದು ಮಾತು ಹೇಳಿಲ್ಲ ನೋಡವಾ ನನಗ." ಅವರು ಚಂದಾಪುರ ದಾಟುವ ತನಕ ಮಾತಾಡದೆ ಕೂತದ್ದು ಅದೊಂದೇ ದಿನ. ಮುರಳಿಯಣ್ಣ ಕೂಡ ಕಥೆ ಕೇಳಲಿಲ್ಲ.

ಶನಿವಾರ ಮೇಡಂ ಫಾರಂ ತುಂಬಿ ಕಳಿಸಿದರು. ನನ್ನ ಬೋರ್ಡು ಅವರ ಮೇಜಿನ ಹತ್ತಿರ ಇದೆ, ಹಾಗಾಗಿ ಮಧ್ಯಾಹ್ನ ಎರಡನೇ ಮಹಡಿಯಿಂದ ಬಂದ ಫೋನು ನನಗೆ ಕೇಳಿಸಿತು. ನಡವಳಿಕೆಯ ಸಾಲಿನಲ್ಲಿ ಅವರು ಬರೆದದ್ದು ಆಫೀಸಿನವರಿಗೆ ಅರ್ಥವಾಗಿರಲಿಲ್ಲ.

"ಹೌದು ಸಾರ್, ಮಾತು ಜಾಸ್ತಿ ಅಂತಾನೇ ಬರೆದಿದೀನಿ," ಎಂದರು ಮೇಡಂ. "ಆದ್ರೆ ಹಿಟ್ಟು ಬರುತ್ತೆ ಅಂತಾನೂ ಬರೆದಿದೀನಿ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. "ಇಲ್ಲ ಸಾರ್, ಯಾವ ಪಾರ್ಟೂ ಅಲ್ಲ. ಹಿಟ್ಟು ಅಂದ್ರೆ ಹಿಟ್ಟು. ಚನ್ನಕ್ಕನ್ನ ಖಾಯಂ ಮಾಡಿ ಅಂತ ಅರ್ಥ."

ಮುಂದಿನ ತಿಂಗಳ ಮೊದಲ ಸೋಮವಾರ ಚನ್ನಕ್ಕ ನೀಲಿ ಟೋಪಿಯನ್ನು ಮನೆಯಿಂದಲೇ ಹಾಕಿಕೊಂಡು ಬಸ್ಸು ಹತ್ತಿದರು. ಬಸ್ಸಿನಲ್ಲಿ ಟೋಪಿ ಹಾಕುವ ನಿಯಮ ಇಲ್ಲ. ಯಾರೂ ಅದನ್ನು ನೆನಪಿಸಲಿಲ್ಲ. ಚಂದಾಪುರದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಅವರು ಗಂಟಲು ಸರಿಮಾಡಿಕೊಂಡರು.

"ಒಂದೂರಾಗ ಒಂದು ಛತ್ರಿ ಇತ್ತು."

ಭುವನೇಶ್ವರಿ ಎದ್ದು ನಿಂತು ಬಾಯಿ ತೆರೆದಳು. ಇಡೀ ಬಸ್ಸು ಅವಳ ಕಡೆ ತಿರುಗಿ ನೋಡಿತು. ಅವಳು ಎಲ್ಲರ ಮುಖವನ್ನೂ ನೋಡಿದಳು, ತನ್ನ ತೋರುಬೆರಳನ್ನೂ ನೋಡಿಕೊಂಡಳು, ನಿಧಾನವಾಗಿ ಕೂತಳು.

"ಹೂಂ," ಎಂದಳು.